ಒಂದೇ ನಂಬರಿನ ಪೆನ್‌ಡ್ರೈವುಗಳು

ನಾನು ಬರೆದ ನಿಯಮ ಏನಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅದರ ಹೆಸರು ಹೇಳಿಕೊಂಡು ಒಬ್ಬ ಹುಡುಗಿಯನ್ನು ಕಳ್ಳಿ ಎಂದರು. ನಿಯಮ ಹಾಗೆ ಹೇಳಿರಲಿಲ್ಲ.

ಮದರಾಸಿನ ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿದು ಹೋಗಬೇಕಾಗಿದ್ದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು. ಎಂ.ಸಿ.ಎ. ಮುಗಿಸಿ ನಾನು ಸೇರಿದ ಮೊದಲ ಕೆಲಸ ಅಲ್ಲಿ, ಕಂಪ್ಯೂಟರ್ ಲ್ಯಾಬನ್ನು ನೋಡಿಕೊಳ್ಳುವುದು. ಪಾಠ ಮಾಡುವವರು ಬೇರೆ, ಯಂತ್ರಗಳು ನನ್ನವು. ಲ್ಯಾಬಿನಲ್ಲಿ ವೈರಸ್ ಕಾಟ ತಾಳಲಾರದೆ ನಾನೇ ಎಲ್ಲ ಯಂತ್ರಗಳಿಗೂ ಲಿನಕ್ಸ್ ಹಾಕಿದ್ದೆ. ಪೆನ್‌ಡ್ರೈವ್ ಆಗ ತಾನೇ ಎಲ್ಲರ ಕೈಗೆ ಬರುತ್ತಿದ್ದ ವಸ್ತು. ಹುಡುಗರು ಅದನ್ನು ಐಡಿ ಕಾರ್ಡಿನ ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು ಓಡಾಡುತ್ತಿದ್ದರು.

ನಮ್ಮ ವಿಭಾಗದ ಮುಖ್ಯಸ್ಥರಿಗೆ, ಎಂದರೆ ಎಚ್.ಓ.ಡಿ.ಗೆ, ಅದು ಸರಿಬರಲಿಲ್ಲ. ಹುಡುಗರು ಪ್ರೋಗ್ರಾಮುಗಳನ್ನು ಹೊರಗಿನಿಂದ ತಂದು ನಕಲು ಮಾಡುತ್ತಾರೆ ಎಂಬುದು ಅವರ ಅನುಮಾನ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ದಿನ ಲ್ಯಾಬಿಗೆ ಬಂದು ನಿಂತರು. ಅವರ ಮಾತು ತಮಿಳು, ನಡುನಡುವೆ ಇಂಗ್ಲಿಷ್.

"ಏನಮ್ಮಾ, ಈ ಲ್ಯಾಬಲ್ಲಿ ಸ್ಟಾಫ್ ಪೆನ್‌ಡ್ರೈವ್ ಮಾತ್ರ ಓಪನ್ ಆಗಬೇಕು. ಪಸಂಗಳದು, ಈ ಹುಡುಗರದು, ಏನು ಚುಚ್ಚಿದ್ರೂ ಮಿಷಿನ್ ಕಲ್ಲಿನ ಹಾಗೆ ಇರಬೇಕು. ಆಗುತ್ತಾ?"

"ಆಗುತ್ತೆ ಸಾರ್."

ಆಗುತ್ತಿತ್ತು. ಲಿನಕ್ಸಿನಲ್ಲಿ ಯುಡೆವ್ ಎಂಬ ಒಂದು ಭಾಗವಿದೆ. ಯಂತ್ರಕ್ಕೆ ಹೊರಗಿನಿಂದ ಏನನ್ನು ಸಿಕ್ಕಿಸಿದರೂ ಅದನ್ನು ಗುರುತು ಹಿಡಿದು, ಅದಕ್ಕೊಂದು ಹೆಸರಿಟ್ಟು, ಮುಂದೇನು ಮಾಡಬೇಕೆಂದು ತೀರ್ಮಾನಿಸುವುದು ಅದರ ಕೆಲಸ. ಆ ತೀರ್ಮಾನಗಳನ್ನು ನಾವೂ ಬರೆದುಕೊಡಬಹುದು, ಸಾಲಿಗೊಂದು ನಿಯಮದಂತೆ. ಸಾಲಿನ ಮೊದಲರ್ಧ ಪ್ರಶ್ನೆ: ಬಂದದ್ದು ಪೆನ್‌ಡ್ರೈವೇ? ತಯಾರಿಸಿದವರು ಅದರೊಳಗೆ ಬರೆದಿಟ್ಟ ನಂಬರು ಇದೇ ಏನು? ಉಳಿದರ್ಧ ಕೆಲಸ: ಹೌದಾದರೆ ಇದಕ್ಕೆ ಇಂಥ ಹೆಸರಿಡು, ತೆರೆದು ತೋರಿಸು. ಪ್ರಶ್ನೆಗೆ ಎರಡು ಸಮಚಿಹ್ನೆ ಹಾಕಬೇಕು, ಕೆಲಸಕ್ಕೆ ಒಂದು. ಗಮನ ಬೇಡುವ ಬರವಣಿಗೆ ಅದು, ನನಗೆ ಇಷ್ಟವಾಗುತ್ತಿತ್ತು. ಯಾರೊಂದಿಗೂ ಮಾತಾಡದೆ ಇಡೀ ಮಧ್ಯಾಹ್ನ ಕುಳಿತು ಬರೆಯಬಹುದಾಗಿತ್ತು.

ಅಧ್ಯಾಪಕರು ತಮ್ಮ ತಮ್ಮ ಪೆನ್‌ಡ್ರೈವುಗಳನ್ನು ತಂದುಕೊಟ್ಟರು. ಒಂದೊಂದನ್ನೂ ಸಿಕ್ಕಿಸಿ, ಅದರ ನಂಬರನ್ನು ಓದಿ, ಅದಕ್ಕೊಂದು ಸಾಲು ಬರೆದೆ. ಕೊನೆಗೆ ಎಚ್.ಓ.ಡಿ.ಯವರದು ಬಂತು. ನೀಲಿ ಪ್ಲಾಸ್ಟಿಕ್ಕಿನದು, ಮೇಲೆ ಕಾಲೇಜಿನ ಮುದ್ರೆ. ಆ ವರ್ಷದ ಸಿಂಪೋಸಿಯಂನಲ್ಲಿ ಬಹುಮಾನವಾಗಿ ಕೊಡಲು ಆರ್ಡರ್ ಮಾಡಿದ್ದರ ಸ್ಯಾಂಪಲ್ ಪೀಸ್ ಅದು, ಉಳಿದವು ಇನ್ನೂ ಬಂದಿರಲಿಲ್ಲ.

"ಸಾರ್, ಹೆಸರಿಲ್ಲದ ಕಂಪನಿಯವಲ್ಲಿ ನಂಬರನ್ನು ನಂಬೋಕಾಗಲ್ಲ ಅಂತ ಓದಿದ್ದೀನಿ. ಎಲ್ಲಕ್ಕೂ ಒಂದೇ ನಂಬರ್ ಬರೆದು ಕಳಿಸ್ತಾರಂತೆ. ಬೇರೆ ಯಾವುದಾದರೂ ಕೊಟ್ಟರೆ ಒಳ್ಳೇದು" ಎಂದೆ.

"ಇದು ಚೆನ್ನಾಗೇ ಇದೆಯಲ್ಲಮ್ಮಾ. ಹಾಕು."

ಹಾಕಿದೆ. ಅವರೇ ಕೇಳಿದಂತೆ ಅದಕ್ಕೆ 'ಎಚ್.ಓ.ಡಿ.' ಎಂದು ಹೆಸರನ್ನೂ ಇಟ್ಟೆ. ಯಾವ ಯಂತ್ರಕ್ಕೆ ಸಿಕ್ಕಿಸಿದರೂ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಆ ಹೆಸರು ಬಂದು, ಒಳಗಿನದೆಲ್ಲ ತೆರೆದುಕೊಳ್ಳುತ್ತಿತ್ತು. ಅವರಿಗೆ ಬಹಳ ಸಂತೋಷವಾಯಿತು. ಯಂತ್ರದಿಂದ ಯಂತ್ರಕ್ಕೆ ಹೋಗಿ ಸಿಕ್ಕಿಸಿ ನೋಡಿದರು.

ಅದಾದ ಕೆಲವು ವಾರಗಳಿಗೆ ಸಿಂಪೋಸಿಯಂ ನಡೆಯಿತು. ಬಾಗಿಲಲ್ಲಿ ಬಣ್ಣದ ರಂಗೋಲಿ, ವೇದಿಕೆಯ ಮೇಲೆ ಕುತ್ತುವಿಳಕ್ಕು ಎಂಬ ಎತ್ತರದ ಹಿತ್ತಾಳೆ ದೀಪ, ಅತಿಥಿಗಳಿಗೆ ಜರಿ ಶಾಲು. ಅಲ್ಲಿನ ಪದ್ಧತಿಯೇ ಹಾಗೆ: ಏನು ನಡೆದರೂ ಕೊನೆಯಲ್ಲಿ ಎಲ್ಲರ ಕೈಗೂ ಏನಾದರೊಂದು ನೆನಪಿನ ಕಾಣಿಕೆ ಹೋಗಬೇಕು, ಕೊಡುವಾಗ ಫೋಟೋ ಆಗಬೇಕು. ಆ ವರ್ಷ ಗೆದ್ದವರಿಗೆಲ್ಲ ನೀಲಿ ಪೆನ್‌ಡ್ರೈವ್. ಪ್ರಬಂಧ ಮಂಡನೆಯಲ್ಲಿ ಎರಡನೆಯ ಬಹುಮಾನ ಬಂದದ್ದು ಕೊನೆಯ ವರ್ಷದ ಒಬ್ಬ ಹುಡುಗಿಗೆ. ಎಚ್.ಓ.ಡಿ.ಯವರು ತಮ್ಮ ಕೈಯಾರೆ ಅವಳಿಗೆ ಪೆಟ್ಟಿಗೆ ಕೊಟ್ಟು, ಕ್ಯಾಮೆರಾ ಕಡೆ ತಿರುಗಿ ನಕ್ಕರು. ಹಾಲಿನ ಹಿಂದುಗಡೆ ಪ್ರೊಜೆಕ್ಟರ್ ವೈರು ಹಿಡಿದು ನಿಂತಿದ್ದ ನಾನು ನೋಡಿದೆ.

ಆ ಹುಡುಗಿ ಹೊಸೂರಿನ ಕಡೆಯವಳು. ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳು ಶಾಲೆಯಲ್ಲಿ. ನಾನು ಕನ್ನಡದವಳೆಂದು ಗೊತ್ತಾದ ಮೇಲೆ, ಅಕ್ಕಪಕ್ಕ ಯಾರೂ ಇಲ್ಲದಾಗ ಮಾತ್ರ ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಒಬ್ಬರಿದ್ದರೂ ತಮಿಳಿಗೆ ಹೊರಳುತ್ತಿದ್ದಳು. ನಾನು ಮದರಾಸಿನ ವೆಸ್ಟ್ ಮಾಂಬಲಂನಲ್ಲಿ ಬೆಳೆದವಳು, ಶಾಲೆಯಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಆದ್ದರಿಂದ ಅದರ ಬಗ್ಗೆ ನಾವಿಬ್ಬರೂ ಏನೂ ಹೇಳಿಕೊಳ್ಳಲಿಲ್ಲ.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಸ್ವಲ್ಪವೇ ದಿನಗಳಿದ್ದವು. ಅವಳು ಪ್ರಾಜೆಕ್ಟ್ ವರದಿಯನ್ನು ಹೊರಗಿನ ಬ್ರೌಸಿಂಗ್ ಸೆಂಟರಿನಲ್ಲಿ ಟೈಪ್ ಮಾಡಿ, ಬಹುಮಾನವಾಗಿ ಬಂದ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದಿದ್ದಳು. ಬೇರೆ ಪೆನ್‌ಡ್ರೈವುಗಳು ಲ್ಯಾಬಿನಲ್ಲಿ ತೆರೆಯುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಇದನ್ನು ಕೊಟ್ಟದ್ದು ಕಾಲೇಜು, ಯಂತ್ರವೂ ಕಾಲೇಜಿನದು, ಇದು ತೆರೆಯಬಹುದು ಎಂದುಕೊಂಡಳು. ಸಿಕ್ಕಿಸಿದಳು. ತೆರೆಯಿತು.

ಎಚ್.ಓ.ಡಿ.ಯವರು ಆಗಲೇ ಸಾಲುಗಳ ನಡುವೆ ಸುತ್ತು ಹಾಕುತ್ತಿದ್ದರು. ಅವಳ ಹಿಂದೆ ಬಂದವರು ಪರದೆ ನೋಡಿ ನಿಂತುಬಿಟ್ಟರು.

"ಎದ್ದೇಳು. ಯಾರದಿದು?"

"ನಂದು ಸಾರ್."

"ನಿಂದಾ? ಮಿಷಿನ್ ಏನು ಹೇಳ್ತಿದೆ, ಜೋರಾಗಿ ಓದು."

ಅವಳು ಓದಿದಳು. "ಎಚ್.ಓ.ಡಿ., ಸಾರ್."

ಹಿಂದಿನ ಸಾಲಿನಿಂದ ಒಬ್ಬ, "ಮಚ್ಚಾ, ಹೊಸ ಎಚ್.ಓ.ಡಿ. ಡೋಯ್" ಎಂದ. ಇಡೀ ಲ್ಯಾಬು ನಕ್ಕಿತು. ಅವರು ನಗಲಿಲ್ಲ. ಪೆನ್‌ಡ್ರೈವನ್ನು ಯಂತ್ರದಿಂದ ಕಿತ್ತು ಜೇಬಿಗೆ ಹಾಕಿಕೊಂಡು, ಅವಳನ್ನೂ ನನ್ನನ್ನೂ ತಮ್ಮ ಕೋಣೆಗೆ ಕರೆದರು.

ಬೆಳಗಿನಿಂದ ಅವರ ಪೆನ್‌ಡ್ರೈವ್ ಕಾಣಿಸುತ್ತಿರಲಿಲ್ಲವಂತೆ. ಮೇಜಿನ ಮೇಲೆ ಇಟ್ಟಿದ್ದರಂತೆ. ಅದರಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ಪ್ರಶ್ನೆಗಳಿದ್ದವಂತೆ. ಇಷ್ಟು ಹೇಳಿ, ಅವಳ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡು ಕೂತರು.

"ಸಾರ್, ಒಳಗೆ ನೋಡಿ, ನನ್ನ ರಿಪೋರ್ಟ್ ಇದೆ. ನಿಮ್ಮದು ಏನೂ ಇಲ್ಲ" ಎಂದಳು ಅವಳು ತಮಿಳಿನಲ್ಲಿ.

"ಇರೋದಿಲ್ಲ. ಅಳಿಸಿರ್ತೀಯ."

"ಸಾರ್, ಸ್ಟೇಜ್ ಮೇಲೆ ನೀವೇ ಕೊಟ್ಟಿರಿ..."

"ಅವತ್ತು ನಾನು ಎಷ್ಟು ಜನಕ್ಕೆ ಕೊಟ್ಟೆ! ಎಲ್ಲರ ಮುಖ ನೆನಪಿಟ್ಟುಕೊಳ್ಳಲಾ?"

ನಾನು ಹೇಳಿದೆ: "ಸಾರ್, ಅವತ್ತು ಕೊಟ್ಟವೆಲ್ಲ ನಿಮ್ಮದರ ಜೊತೆಯಲ್ಲಿ ಆರ್ಡರ್ ಮಾಡಿದವು. ಎಲ್ಲದರ ನಂಬರೂ ಒಂದೇ ಇರಬಹುದು. ಆಗಲೇ ಹೇಳಿದ್ದೆ."

"ಸೀರಿಯಲ್ ನಂಬರ್ ಅಂದ್ರೆ ಏನಮ್ಮಾ? ಒಂದೊಂದಕ್ಕೆ ಒಂದೊಂದು. ಒಂದೇ ಚಾಸಿ ನಂಬರಿನ ಎರಡು ಸ್ಕೂಟರ್ ನೋಡಿದ್ದೀಯಾ ನೀನು?"

"ಅಗ್ಗದ ಮಾಲಿನಲ್ಲಿ ಹಾಗಾಗುತ್ತೆ ಸಾರ್."

'ಅಗ್ಗ' ಎಂಬ ಮಾತು ಅವರಿಗೆ ಸೇರಲಿಲ್ಲ. ಪೆನ್‌ಡ್ರೈವುಗಳನ್ನು ಸಪ್ಲೈ ಮಾಡಿದ್ದು ಅವರ ಷಡ್ಡಕ ಎಂದು ಆಮೇಲೆ ಸ್ಟಾಫ್ ರೂಮಿನಲ್ಲಿ ತಿಳಿಯಿತು. ನನಗೆ ಮೊದಲೇ ಗೊತ್ತಿದ್ದರೂ ಅದೇ ಮಾತನ್ನು ಹೇಳುತ್ತಿದ್ದೆ.

"ನಿನ್ನ ರೂಲ್ ನೀನೇ ಬರೆದದ್ದು. ಆ ರೂಲ್ ಹೇಳ್ತಾ ಇದೆ ಇದು ನಂದು ಅಂತ. ಈಗ ರೂಲೇ ಸುಳ್ಳು ಅಂತೀಯಾ?"

ಅದನ್ನು ಕೇಳಿ ನನ್ನ ಕಿವಿ ಬಿಸಿಯಾಯಿತು. ನನ್ನ ಸಾಲು ಯಾರದೆಂದು ಹೇಳುವುದಿಲ್ಲ. ನಂಬರು ಹೊಂದಿದರೆ ಹೆಸರಿಡು ಎನ್ನುತ್ತದೆ, ಅಷ್ಟೇ ಎನ್ನುತ್ತದೆ. ಇಷ್ಟನ್ನು ಆ ಕೋಣೆಯಲ್ಲಿ ಎರಡು ಸಲ, ಬೇರೆ ಬೇರೆ ಮಾತುಗಳಲ್ಲಿ ಹೇಳಿದೆ. ಅವರು ಗಡಿಯಾರ ನೋಡಿಕೊಂಡರು.

"ಪೇರೆಂಟ್ಸ್ ಕರಕೊಂಡು ಬಾ" ಎಂದರು ಅವಳಿಗೆ. "ಬರೋವರೆಗೂ ರೆಕಾರ್ಡ್ ಸೈನ್ ಮಾಡಲ್ಲ."

ಇದರ ಅರ್ಥವನ್ನು ಹೇಳಬೇಕು. ವರ್ಷವಿಡೀ ಮಾಡಿದ ಪ್ರಯೋಗಗಳನ್ನು ಬರೆದಿಡುವ ರೆಕಾರ್ಡ್ ಪುಸ್ತಕಕ್ಕೆ ಎಚ್.ಓ.ಡಿ.ಯ ಸಹಿ ಬೀಳದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಒಳಗೆ ಬಿಡುವುದಿಲ್ಲ. ಪರೀಕ್ಷೆ ತಪ್ಪಿದರೆ ಆ ವರ್ಷ ಡಿಗ್ರಿ ಇಲ್ಲ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಅವಳಿಗೆ ಆಗಲೇ ಒಂದು ಕೆಲಸ ಸಿಕ್ಕಿತ್ತು, ಡಿಗ್ರಿ ಇಲ್ಲದಿದ್ದರೆ ಆ ಕೆಲಸವೂ ಇಲ್ಲ. ಆ ಸಹಿಯನ್ನು ಅಲ್ಲಿ ಎಲ್ಲದಕ್ಕೂ ಬಳಸುತ್ತಿದ್ದರು. ಶೇವ್ ಮಾಡದೆ ಬಂದ ಹುಡುಗನಿಗೂ, ಕಾರಿಡಾರಿನಲ್ಲಿ ಹುಡುಗನೊಡನೆ ಮಾತಾಡಿದ ಹುಡುಗಿಗೂ ಅದೇ ಹಗ್ಗ.

ಅಂದು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಹಿಡಿದಳು. ನಮ್ಮ ಮನೆಯದು ಮೈಸೂರಿನ ಕನ್ನಡ, ಆದರೆ ಮದರಾಸಿಗೆ ಬಂದು ಇಷ್ಟು ವರ್ಷವಾದ ಮೇಲೆ ಅಮ್ಮನ ಕನ್ನಡದಲ್ಲಿ ಅರ್ಧ ಮಾಂಬಲಂ ಇದೆ.

"ಯಾಕೇ ಮೂಂಜಿ ಇಷ್ಟುದ್ದ ಮಾಡ್ಕೊಂಡು ಬಂದಿದೀಯ? ಲೇಡೀಸ್ ಕಂಪಾರ್ಟ್‌ಮೆಂಟಲ್ಲಿ ಯಾರ ಹತ್ರ ಜಗಳ ಪೋಟ್ಟೆ?"

ಹೇಳಿದೆ. ಇನ್ಷೂರೆನ್ಸ್ ಆಫೀಸಿನಲ್ಲಿ ಜೀವಮಾನ ಕಳೆದ ಅಪ್ಪ ಪೇಪರಿನ ಹಿಂದಿನಿಂದಲೇ ಕೇಳಿಸಿಕೊಂಡರು.

"ನಿನ್ನ ಕೆಲಸ ಮಿಷಿನ್ ನೋಡ್ಕೊಳ್ಳೋದು. ಹುಡುಗೀನ ನೋಡ್ಕೊಳ್ಳೋದು ಅವರ ಕೆಲಸ."

"ಅವರು ನನ್ನ ಮಿಷಿನ್ ತೋರಿಸಿಯೇ ಅವಳನ್ನ ಕಳ್ಳಿ ಅಂತಿದಾರೆ ಅಪ್ಪ."

"ಹೇಳಿದ್ಯಲ್ಲ ಒಂದು ಸಲ? ಆಯ್ತು. ಮೇಲಿನೋರಿಗೆ ಎರಡು ಸಲ ಹೇಳಬಾರದು."

ನಾನು ಎರಡು ಸಲ ಹೇಳಿಯಾಗಿತ್ತು. ಅಮ್ಮ ತಟ್ಟೆ ಹಾಕಿದಳು. ಹುಳಿ ಚೆನ್ನಾಗಿತ್ತು, ಅರ್ಧಕ್ಕೇ ಎದ್ದೆ. ಆ ದಿನಗಳಲ್ಲಿ ನನ್ನ ಸಿಟ್ಟು ವಿಚಿತ್ರವಾಗಿತ್ತು. ಟ್ರೈನಿನಲ್ಲಿ ನಿಂತಿರುವಾಗ, ಸಹಿ ಮಾಡುವ ಆ ಪೆನ್ನಿನ ಮುಚ್ಚಳವನ್ನು ಅವರು ಕಚ್ಚುವ ರೀತಿ ನೆನಪಾದರೂ ಸಾಕು, ಹಲ್ಲು ಬಿಗಿಯುತ್ತಿತ್ತು. ಅವರನ್ನು ಇಲ್ಲಿ ಬಹುವಚನದಲ್ಲಿ ಬರೆಯುತ್ತಿರುವುದು ಅಭ್ಯಾಸದಿಂದ, ಬೇರೆ ಕಾರಣವಿಲ್ಲ.

ಹುಡುಗಿಯ ತಾಯಿ ಬಂದರು. ಹೊಸೂರು ಬಸ್ ನಿಲ್ದಾಣದ ಹತ್ತಿರ ಸಣ್ಣ ಮೆಸ್ ನಡೆಸುವ ಹೆಂಗಸು, ಅಂದಿನ ಮಟ್ಟಿಗೆ ಒಲೆ ಆರಿಸಿ ಬಂದಿದ್ದರು. ಎಚ್.ಓ.ಡಿ. ಕೋಣೆಯ ಹೊರಗಿನ ಬೆಂಚಿನಲ್ಲಿ ಅವರನ್ನು ಕೂರಿಸಿದ್ದರು. ಒಳಗೆ ಬೇರೆ ಯಾರೂ ಇರಲಿಲ್ಲ, ಎಚ್.ಓ.ಡಿ.ಯವರು ಪೇಪರ್ ಓದುತ್ತಿದ್ದರು. ಪೇರೆಂಟ್ಸ್ ಬಂದರೆ ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಕ್ರಮ. ನಾನು ನೀರು ತಂದುಕೊಟ್ಟು ಕನ್ನಡದಲ್ಲಿ ಮಾತಾಡಿಸಿದೆ.

"ಅಯ್ಯೋ, ನೀವು ನಮ್ಮೋರಾ ತಾಯಿ? ಏಳ್ತಾ ಇದ್ಲು ನಿಮ್ ವಿಸ್ಯ. ಅದೇನೋ ಕದ್ದವ್ಳೆ ಅಂತ ಫೋನ್ ಮಾಡುದ್ರು. ಏನ್ ಅದು? ಚಿನ್ನವಾ?"

ನಾನು ಬೆರಳಿನಲ್ಲಿ ಅಳತೆ ತೋರಿಸಿದೆ.

"ಇಷ್ಟ್ ಪಿಲಾಸ್ಟಿಕ್ಕಾ? ಇದ್ಕೆ ನನ್ನ ಅಲ್ಲಿಂದ ಕರ್ಸುದ್ರಾ? ನಮ್ ಮೆಸ್ಸಲ್ಲಿ ದಿನಾ ಸ್ಪೂನ್ ಕದೀತಾರೆ, ನಾನ್ ಯಾರ್ ಅವ್ವನ್ನೂ ಕರ್ಸಾಕಿಲ್ಲ."

ಹುಡುಗಿ ತಲೆ ತಗ್ಗಿಸಿಕೊಂಡು, "ಅವ್ವಾ, ಮೆಲ್ಲಗೆ" ಎಂದಳು.

ಮಧ್ಯಾಹ್ನ ಎಚ್.ಓ.ಡಿ.ಯವರು ತಾಯಿಯನ್ನು ಲ್ಯಾಬಿಗೇ ಕರೆತರುತ್ತಾರೆಂದು ತಿಳಿದು ನಾನು ಸಿದ್ಧತೆ ಮಾಡಿಕೊಂಡಿದ್ದೆ. ಸಿಂಪೋಸಿಯಂನಲ್ಲಿ ಗೆದ್ದ ಹುಡುಗರನ್ನು ಒಬ್ಬೊಬ್ಬರಾಗಿ ಕೇಳಿ, ಸಿಕ್ಕಷ್ಟು ನೀಲಿ ಪೆನ್‌ಡ್ರೈವುಗಳನ್ನು ಇಸಿದುಕೊಂಡು ನನ್ನ ಮೇಜಿನ ಡಬ್ಬಿಯಲ್ಲಿ ಇಟ್ಟಿದ್ದೆ. ಮೊದಲೇ ನೋಡಿಯೂ ಇದ್ದೆ. ಎಲ್ಲದರಲ್ಲೂ ಒಂದೇ ನಂಬರು, ಒಂದು ಅಂಕಿಯೂ ಆಚೀಚೆ ಇಲ್ಲ. ಇದನ್ನು ಅವರ ಕೋಣೆಗೆ ಹೋಗಿ ಹೇಳಬಹುದಾಗಿತ್ತು. ಹೇಳಿದ್ದು ಕೇಳಿಸುವುದಿಲ್ಲ ಎಂದು ಆಗಲೇ ಗೊತ್ತಾಗಿದ್ದರಿಂದ, ತೋರಿಸುವುದೆಂದು ನಿರ್ಧರಿಸಿದ್ದೆ.

ತರಗತಿ ನಡೆಯುತ್ತಿರುವಾಗಲೇ ಎಚ್.ಓ.ಡಿ.ಯವರು ತಾಯಿ ಮಗಳನ್ನು ಕರೆದುಕೊಂಡು ಲ್ಯಾಬಿಗೆ ಬಂದರು. ಇದೇ ಜಾಗ, ಇದೇ ಮಿಷಿನ್ ಎಂದು ತಾಯಿಗೆ ತೋರಿಸಿದರು. ಆಗ ನಾನು ಡಬ್ಬಿ ಹಿಡಿದು ಹೋದೆ.

"ಸಾರ್, ಒಂದು ನಿಮಿಷ."

ಮೊದಲನೆಯದನ್ನು ಸಿಕ್ಕಿಸಿದೆ. ಪರದೆಯ ಮೇಲೆ ಬಂತು: ಎಚ್.ಓ.ಡಿ. ಒಳಗೆ ಯಾರದೋ ಹುಡುಗನ ಕ್ರಿಕೆಟ್ ಫೋಟೋಗಳು. ತೆಗೆದು ಇನ್ನೊಂದನ್ನು ಸಿಕ್ಕಿಸಿದೆ. ಎಚ್.ಓ.ಡಿ. ಒಳಗೆ ಸಿನಿಮಾ ಹಾಡುಗಳು. ಇನ್ನೊಂದು. ಎಚ್.ಓ.ಡಿ. ಹಿಂದಿನ ಸಾಲಿನವರು ಎದ್ದು ನಿಂತಿದ್ದರು. ನಾಲ್ಕನೆಯದಕ್ಕೆ ಯಾರೋ, "ಡೇಯ್, ಊರೆಲ್ಲಾ ಎಚ್.ಓ.ಡಿ.ಯೇ ಡಾ" ಎಂದರು. ನಗು ತಡೆದುಕೊಳ್ಳಲು ಹೋಗಿ ಒಬ್ಬನಿಗೆ ಕೆಮ್ಮು ಬಂತು.

"ಸಾರ್, ಎಲ್ಲದರ ನಂಬರೂ ಒಂದೇ. ಹಾಗಾಗಿ ಎಲ್ಲವೂ ನಿಮ್ಮ ಹೆಸರಿನಲ್ಲೇ ತೆರೆಯುತ್ತವೆ. ಅವಳದೂ ಹಾಗೇ ತೆರೆಯಿತು" ಎಂದೆ.

ಅವರು ಬಗ್ಗಿ ಪರದೆ ನೋಡಿದರು. ಆಮೇಲೆ ಅಂಗಿಯ ಜೇಬಿನಿಂದ ಒಂದು ನೀಲಿ ಪೆನ್‌ಡ್ರೈವ್ ತೆಗೆದು ನನ್ನ ಮುಂದೆ ಹಿಡಿದರು.

"ಇದನ್ನೂ ಹಾಕು."

ಹಾಕಿದೆ. ಎಚ್.ಓ.ಡಿ. ಒಳಗೆ ಪ್ರಾಕ್ಟಿಕಲ್ ಪ್ರಶ್ನೆಗಳು, ಜೊತೆಗೆ ಕಾರ್ ರೇಸಿನ ಒಂದು ಗೇಮ್.

"ಕಳೆದುಹೋದದ್ದು ಇದೇ ಅಲ್ವಾ ಸಾರ್? ಎಲ್ಲಿತ್ತು?"

"ಮನೇಲಿ. ಮಗ ಗೇಮ್ ಹಾಕಿಕೊಳ್ಳೋಕೆ ತಗೊಂಡಿದ್ದ."

"ಯಾವಾಗ ಸಿಕ್ಕಿತು?"

ಅವರು ಅದನ್ನು ಯಂತ್ರದಿಂದ ಕಿತ್ತು ಮತ್ತೆ ಜೇಬಿಗೆ ಹಾಕಿಕೊಂಡರು. ಸಿಕ್ಕಿದ್ದು ನಿನ್ನೆಯೋ ಮೊನ್ನೆಯೋ, ಬೆಂಚಿನ ಮೇಲೆ ಆ ತಾಯಿಯನ್ನು ಕೂರಿಸಿದಾಗ ಅದು ಅವರ ಜೇಬಿನಲ್ಲೇ ಇತ್ತು. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎಸೆದುಬಿಡುತ್ತೇನೆ ಅನ್ನಿಸಿತ್ತು.

ತಾಯಿ ಕನ್ನಡದಲ್ಲಿ ಹೇಳಿದರು: "ಅಂಗಾದ್ರೆ ಕಳ್ಳ ಮನೇಲೇ ಸಿಕ್ದ ಅನ್ನಿ."

"ಏನು ಹೇಳ್ತಾರೆ?" ಎಂದು ಎಚ್.ಓ.ಡಿ. ನನ್ನನ್ನು ಕೇಳಿದರು.

"ಸಿಕ್ಕಿದ್ದು ಸಂತೋಷ ಅಂತಿದಾರೆ ಸಾರ್."

ಹುಡುಗಿ ತುಟಿ ಕಚ್ಚಿಕೊಂಡಳು.

ಇಲ್ಲಿಗೆ ಇದು ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಅವರು ತರಗತಿಯ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡರು.

"ಸರಿ. ಯಾರದು ಅನ್ನೋದು ಬೇರೆ ವಿಷಯ. ಲ್ಯಾಬಿಗೆ ಪೆನ್‌ಡ್ರೈವ್ ತರಬಾರದು ಅಂತ ಇದೆಯಾ ಇಲ್ವಾ? ತಂದಿದ್ದು ತಪ್ಪಾ ಅಲ್ವಾ? ಎಲ್ಲರ ಮುಂದೆ ಸಾರಿ ಹೇಳಲಿ."

ಲ್ಯಾಬಿನಲ್ಲಿ ಆಗ ಅರ್ಧ ತರಗತಿಯ ಕುತ್ತಿಗೆಯಲ್ಲಿ ಪೆನ್‌ಡ್ರೈವ್ ತೂಗುತ್ತಿತ್ತು. ನಾನು ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಾಯಿ ಮಗಳ ಬೆನ್ನಿಗೆ ಮೆಲ್ಲಗೆ ತಟ್ಟಿದರು. "ಏಳ್ಬುಡು. ಬಾಯಿ ಮಾತ್ಗೇನು."

ಅವಳು ಎದುರು ನಿಂತು ಹೇಳಿದಳು. ಎಷ್ಟು ಸರಾಗವಾಗಿ ಹೇಳಿದಳೆಂದರೆ, ಆ ನಾಲ್ಕು ವರ್ಷಗಳಲ್ಲಿ ಅವರೆಲ್ಲರಿಗೂ ಕಾಲೇಜು ಚೆನ್ನಾಗಿ ಕಲಿಸಿದ್ದು ಅದೊಂದನ್ನೇ ಎಂದು ತೋರಿತು. ಯಾರೂ ನಗಲಿಲ್ಲ.

"ರೆಕಾರ್ಡ್ ಎಕ್ಸಾಮ್ ದಿನ ಬೆಳಗ್ಗೆ ಸೈನ್ ಮಾಡ್ತೀನಿ" ಎಂದರು ಅವರು. ಸಾರಿ ಹೇಳಿಸಿಕೊಂಡ ಮೇಲೂ ಹಗ್ಗವನ್ನು ಕೈಯಿಂದ ಬಿಡಲಿಲ್ಲ.

ಹೋಗುವಾಗ ನನಗೊಂದು ಕೆಲಸವನ್ನೂ ಹೇಳಿದರು. "ಹುಡುಗರದೆಲ್ಲ ಬಂದ್ ಮಾಡಿಬಿಡು. ನನ್ನದು ಮಾತ್ರ ಇರಲಿ."

"ಆಗಲ್ಲ ಸಾರ್. ಅದಕ್ಕೆ ನಿಮ್ಮದು, ಅವರದು ಅನ್ನೋ ಭೇದ ಗೊತ್ತಾಗಲ್ಲ. ಮುಚ್ಚಿದರೆ ಎಲ್ಲವೂ ಮುಚ್ಚುತ್ತೆ."

"ಏನಾದ್ರೂ ಮಾಡಮ್ಮಾ."

ಮಾಡಿದೆ. ಆ ಸಾಲನ್ನು ಪೂರ್ತಿಯಾಗಿ ತೆಗೆದುಹಾಕಿದೆ. ಅಂದಿನಿಂದ ಅವರ ಪೆನ್‌ಡ್ರೈವ್ ಯಾವ ಯಂತ್ರದಲ್ಲೂ ತೆರೆಯಲಿಲ್ಲ. ಇದರಿಂದ ನನಗೆ ಸಮಾಧಾನ ಸಿಗುತ್ತದೆಂದುಕೊಂಡಿದ್ದೆ, ಸಿಗಲಿಲ್ಲ.

ಮರುದಿನ ಅವಳು ನೀರಿನ ನಲ್ಲಿಯ ಹತ್ತಿರ ಸಿಕ್ಕಿದಳು. ಯಾರೂ ಇರಲಿಲ್ಲ.

"ಮೇಡಂ, ಒಂದು ಮಾತು ಏಳ್ಲಾ? ನೀವು ಎಲ್ಲಾರ್ ಮುಂದೆ ಅಂಗೆ ತೋರಿಸ್ಬಾರ್ದಿತ್ತು. ರೂಮಲ್ಲೇ ಏಳಿದ್ರೆ ಅವತ್ತೇ ಸೈನ್ ಮಾಡ್ಬುಡ್ತಿದ್ರು."

"ರೂಮಲ್ಲಿ ಹೇಳಿದ್ದೆನಲ್ಲ, ನೀನೂ ಇದ್ದೆ."

"ಇನ್ನೊಂದ್ಸಲ ಏಳ್ಬೋದಿತ್ತು."

"ನೀನು ಕದ್ದಿಲ್ಲ ಅಂತ ಎಲ್ಲರಿಗೂ ಗೊತ್ತಾಗಬೇಕಿತ್ತು."

"ನಂಗೆ ಗೊತ್ತಿತ್ತಲ್ಲ ಮೇಡಂ. ನಂಗೆ ಬೇಕಿದ್ದಿದ್ದು ಸೈನು." ಬಾಟಲಿ ತುಂಬಿ, ಮುಚ್ಚಳ ತಿರುಗಿಸಿದಳು. "ಬೇಜಾರ್ ಮಾಡ್ಕೋಬೇಡಿ."

ಬೇಜಾರಾಯಿತು, ಸಿಟ್ಟೂ ಬಂತು, ಅವಳ ಮೇಲೂ ಒಂದಿಷ್ಟು ಬಂತು. ಅವಳು ಹೇಳಿದ್ದು ಲೆಕ್ಕಾಚಾರದಲ್ಲಿ ಸರಿ ಇರಬಹುದು. ನಾನು ಈಗಲೂ ಒಪ್ಪುವುದಿಲ್ಲ. ಕಳ್ಳಿಯಂತೆ ಎಬ್ಬಿಸಿ ನಿಲ್ಲಿಸಿದ್ದು ಎಲ್ಲರ ಮುಂದೆ, ಅಲ್ಲವೆಂದು ತೋರಿಸುವುದು ಮಾತ್ರ ಕೋಣೆಯೊಳಗೆ ಏಕಾಗಬೇಕು? ಆದರೆ ಸಹಿ ಬೇಕಾಗಿದ್ದದ್ದು ಅವಳಿಗೆ, ನನಗಲ್ಲ. ಅದನ್ನೂ ಮರೆತಿಲ್ಲ.

ಪರೀಕ್ಷೆಯ ಬೆಳಿಗ್ಗೆ ನಾನು ಬೇಗ ಹೋಗಿ ಯಂತ್ರಗಳನ್ನೆಲ್ಲ ಚಾಲೂ ಮಾಡಿದ್ದೆ. ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಪರೀಕ್ಷಕರು ಬಂದರು. ವಯಸ್ಸಾದವರು, ಕೈಯಲ್ಲಿ ಟಿಫಿನ್ ಕ್ಯಾರಿಯರ್. ಅವಳ ಬ್ಯಾಚಿನವರು ಒಬ್ಬೊಬ್ಬರಾಗಿ ಸಹಿಯಾದ ರೆಕಾರ್ಡ್ ತೋರಿಸಿ ಒಳಗೆ ಬಂದು, ಪ್ರಶ್ನೆಯ ಚೀಟಿ ಎತ್ತಿ, ಯಂತ್ರದ ಮುಂದೆ ಕೂತರು. ಅವಳು ಬರಲಿಲ್ಲ. ಬಾಗಿಲಿನಿಂದ ನೋಡಿದೆ. ಕಾರಿಡಾರಿನ ಆ ಕೊನೆಯಲ್ಲಿ, ಎಚ್.ಓ.ಡಿ. ಕೋಣೆಯ ಮುಂದೆ, ಅವಳ ತಾಯಿ ಕೂತಿದ್ದ ಬೆಂಚಿನ ಪಕ್ಕದಲ್ಲಿ ರೆಕಾರ್ಡ್ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಬಾಗಿಲು ಮುಚ್ಚಿತ್ತು. ಫ್ಯಾನ್ ತಿರುಗುವ ಸದ್ದು ಬರುತ್ತಿತ್ತು, ಅಂದರೆ ಒಳಗಿದ್ದರು.

ಒಳಗೆ ಕೀಬೋರ್ಡುಗಳ ಸದ್ದು ಶುರುವಾಯಿತು. ನಾನು ಎರಡು ಸಾಲುಗಳ ನಡುವೆ ಓಡಾಡಿದೆ. ಒಬ್ಬನ ಮೌಸ್ ಕೆಟ್ಟಿತ್ತು, ಬದಲಾಯಿಸಿಕೊಟ್ಟೆ. ಹುಡುಗರು ಅಲ್ಗಾರಿದಂ ಬರೆದು ಮುಗಿಸಿ ಟೈಪ್ ಮಾಡಲು ತೊಡಗಿದ್ದರು. ಆಗ ಅವಳು ಓಡಿಬಂದಳು. ಅವಳ ಹಿಂದೆಯೇ ನಿಧಾನವಾಗಿ ಎಚ್.ಓ.ಡಿ.ಯವರೂ ಬಂದು, ಪರೀಕ್ಷಕರಿಗೆ ನಮಸ್ಕರಿಸಿ ಪಕ್ಕದಲ್ಲಿ ಕೂತರು.

ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿದರು. "ಏನಮ್ಮಾ, ಫೈನಲ್ ಪ್ರಾಕ್ಟಿಕಲ್‌ಗೆ ಇಷ್ಟು ಲೇಟಾ?"

ಅವಳು ಕೂಡಲೇ, "ಸಾರಿ ಸಾರ್" ಎಂದಳು.

ಅದೇ ಸರಾಗ, ಅದೇ ತಗ್ಗಿದ ತಲೆ. ಲ್ಯಾಬಿನ ವಿಷಯ ಬಿಟ್ಟು ಬೇರೆ ವಿಷಯಕ್ಕೆ ನಾನು ಯಾರೆದುರೂ ದನಿ ಎತ್ತಿದವಳಲ್ಲ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಅವಳು ಲೇಟಾಗಿಲ್ಲ ಸಾರ್. ನಾನು ಬಂದಾಗಲೇ ಬಂದಿದ್ದಳು. ಸಹಿಗೋಸ್ಕರ ಅವಳನ್ನ ಎಚ್.ಓ.ಡಿ. ರೂಮಿನ ಹೊರಗೆ ಇಷ್ಟು ಹೊತ್ತು ನಿಲ್ಲಿಸಿದ್ದರು. ಒಳಗೆ ಬೇರೆ ಯಾರೂ ಇರಲಿಲ್ಲ."

ಕೀಬೋರ್ಡುಗಳು ನಿಂತವು. ಎಚ್.ಓ.ಡಿ.ಯವರು ನನ್ನ ಕಡೆ ನೋಡಿದ ನೋಟದಲ್ಲಿ ಆ ತಿಂಗಳ ಕೊನೆಗೆ ನನಗೆ ಕೆಲಸವಿರುವುದಿಲ್ಲ ಎಂಬುದು ಇತ್ತು, ಹಾಗೇ ಆಯಿತು. ಪರೀಕ್ಷಕರು ಅವರ ಕಡೆ ತಿರುಗಲಿಲ್ಲ. ಅವಳ ರೆಕಾರ್ಡನ್ನು ತೆಗೆದುಕೊಂಡು, ಇನ್ನೂ ಒಣಗದ ಸಹಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡರು.

"ಚೀಟಿ ಎತ್ತಮ್ಮಾ" ಎಂದರು. ಆಮೇಲೆ ನನಗೆ: "ಇವರೆಲ್ಲ ಶುರು ಮಾಡಿ ಎಷ್ಟು ಹೊತ್ತಾಯ್ತು?"

ಹೇಳಿದೆ.

"ಅಷ್ಟು ಹೊತ್ತು ಇವಳಿಗೆ ಕೊನೆಯಲ್ಲಿ ಸೇರಿಸಿ ಕೊಡಿ. ಅಲ್ಲಿವರೆಗೆ ನಾನು ಏಳೋದಿಲ್ಲ" ಎಂದು ಟಿಫಿನ್ ಕ್ಯಾರಿಯರನ್ನು ಮೇಜಿನ ಕೆಳಗೆ ಸರಿಸಿದರು.

ಅವಳು ಚೀಟಿ ಬಿಡಿಸಿ ಓದಿದಳು. ನನ್ನ ಕಡೆ ನೋಡಲಿಲ್ಲ. ಖಾಲಿ ಇದ್ದ ಯಂತ್ರದ ಮುಂದೆ ಕೂತು, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಟೈಪ್ ಮಾಡಲು ಶುರುಮಾಡಿದಳು.